ನಿದ್ದೆ ಮಾಡದ ಕಾಪಿಯರ್

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ನಾನು ಮೆಟ್ಟಿಲು ಹತ್ತಿ ಬಂದಾಗ ಚರ್ಚಿನ ವಾರ್ಡನ್ ನಮ್ಮ ಕೋಣೆಯ ಹೊರಗೆ ನಿಂತು, ಗೋಡೆಯ ಮೀಟರಿಗೆ ಟಾರ್ಚ್ ಹಿಡಿದು ಓದುತ್ತಿದ್ದರು. ನಾವು ನೆಲೆಸಿರುವ ಇಂಗ್ಲಿಷ್ ಊರು ಹೌನ್ಸ್ಲೋದ ಆ ಚರ್ಚ್ ಹಾಲ್‌ನ ಮಹಡಿ ಕೋಣೆಯೇ ನಮ್ಮ ಕನ್ನಡ ಬಳಗದ ಆಫೀಸು. ಮಂಗಳವಾರ, ಗುರುವಾರ ಅದನ್ನು ತೆರೆದು, ಗುಡಿಸಿ, ದೇವರ ಪಟಕ್ಕೆ ಹೂವಿಟ್ಟು, ಮಧ್ಯಾಹ್ನ ಮುಚ್ಚುವುದು ನನ್ನ ಕೆಲಸ.

"ವಾರಾಂತ್ಯದಲ್ಲಿ ನಿಮ್ಮವರು ಯಾರಾದರೂ ಬಂದಿದ್ದರಾ?" ಎಂದು ವಾರ್ಡನ್ ಕೇಳಿದರು.

"ಇಲ್ಲ. ಗುರುವಾರ ನಾನೇ ಬೀಗ ಹಾಕಿದ್ದು."

"ಹಾಗಾದರೆ ಖಾಲಿ ಕೋಣೆ ಇಷ್ಟು ಕರೆಂಟು ತಿನ್ನುವುದು ಹೇಗೆ, ಡಿಯರ್?"

ಅವರು ಕೆಟ್ಟವರಲ್ಲ. ಹಾಲನ್ನು ನೋಡಿಕೊಳ್ಳುವ ಕಮಿಟಿಯವರು ಕಟ್ಟಡದ ವಿದ್ಯುತ್ ಬಳಕೆ ಇಳಿಸಬೇಕೆಂದು ತೀರ್ಮಾನಿಸಿ, ಬಾಡಿಗೆಗಿರುವ ಒಂದೊಂದು ಕೋಣೆಗೂ ಒಂದೊಂದು ಮೀಟರ್ ಹಾಕಿಸಿದ್ದರು. ಕೋಣೆಯಲ್ಲಿ ಜನ ಇರುವಾಗ ಖರ್ಚಾಗುವುದರ ಬಗ್ಗೆ ಅವರ ತಕರಾರಿರಲಿಲ್ಲ. ಯಾರೂ ಇಲ್ಲದಾಗ ಓಡುವ ಮೀಟರೇ ಅವರ ಕಣ್ಣಿಗೆ ಬಿದ್ದದ್ದು. ಈಸ್ಟರ್ ರಜೆಯ ಹೊತ್ತಿಗೆ ಖಾಲಿ ಕೋಣೆಯ ಲೆಕ್ಕ ಅರ್ಧಕ್ಕಿಂತ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಕೋಣೆ ಮಕ್ಕಳಿಗೆ ಡಾನ್ಸ್ ಕಲಿಸುವವರಿಗೆ ಹೋಗುತ್ತದೆ ಎಂದರು. "ಅವರಿಗೆ ನೆಲ ಒಂದಿದ್ದರೆ ಸಾಕು" ಎಂದು ಬೇಸರದಿಂದಲೇ ಹೇಳಿ ಕೆಳಗೆ ಹೋದರು.

ಆ ಕೋಣೆಗೆ ಬರುವವರೆಲ್ಲ ವಯಸ್ಸಾದವರು. ಆಸ್ಪತ್ರೆಯಿಂದ ಬಂದ ಪತ್ರ ಓದಿಸಿಕೊಳ್ಳಲು, ಕೌನ್ಸಿಲ್ ಅರ್ಜಿ ತುಂಬಿಸಿಕೊಳ್ಳಲು, ಮಾತ್ರೆಯ ವೇಳಾಪಟ್ಟಿಯನ್ನು ದೊಡ್ಡಕ್ಷರದ ಕನ್ನಡದಲ್ಲಿ ಮುದ್ರಿಸಿಕೊಳ್ಳಲು ಬರುತ್ತಾರೆ. ಅವರಲ್ಲಿ ಮೈಸೂರು ಕಡೆಯ ರಾಯರು ಒಬ್ಬರು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಆಕೆಯನ್ನು ನಮ್ಮ ಹತ್ತಿರ ಕೂರಿಸಿ ರಾಯರು ಔಷಧಿಗೆ, ತರಕಾರಿಗೆ ಹೋಗಿ, ಉಳಿದ ಹೊತ್ತು ಲೈಬ್ರರಿಯ ಮೂಲೆಯಲ್ಲಿ ಕಣ್ಣುಮುಚ್ಚಿ ಕೂತು ಬರುತ್ತಿದ್ದರು. "ಈ ಎರಡು ಗಂಟೆ ಇಲ್ದೇ ಹೋಗಿದ್ರೆ, ಅವಳ ಜೊತೆ ನಾನೂ ಎಲ್ಲಾ ಮರ್ತ್‌ಬಿಡ್ತಿದ್ದೆ ಕಣಮ್ಮ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಕೋಣೆ ಹೋಗುವುದೆಂದರೆ ರಾಯರ ಆ ಎರಡು ಗಂಟೆ ಹೋಗುವುದು. ನನ್ನ ತಲೆಯಲ್ಲಿ ಕೂತದ್ದು ಅದೊಂದೇ.

ಬಳಗದ ಮೀಟಿಂಗಿನಲ್ಲಿ ವಿಷಯ ಇಟ್ಟೆ. ಐಟಿ ಕೆಲಸದ ಹುಡುಗರು ಫೋನಿನಿಂದಲೇ ನಡೆಸಬಹುದಾದ ಪ್ಲಗ್‌ಗಳ ಬಗ್ಗೆ ಚೆನ್ನಾಗಿ ಮಾತಾಡಿದರು. ಯಾರು ಬಂದು ಹಾಕುತ್ತೀರಿ ಎಂದು ಕೇಳಿದಾಗ ಎಲ್ಲರೂ ಕಿಟಕಿಯ ಆಚೆ ಇಳಿಯುತ್ತಿದ್ದ ವಿಮಾನ ನೋಡಿದರು. ತಪ್ಪೆನ್ನಲಾರೆ, ಅವರವರ ಪಾಳಿ ಅವರವರಿಗೆ. ನಮ್ಮ ಯಜಮಾನರೇ ಏರ್‌ಪೋರ್ಟಿನ ಸರಕು ಗೋದಾಮಿನಲ್ಲಿ ದುಡಿದು ಬಂದು, ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾರೆ. ಕೊನೆಗೆ ನನ್ನ ಜೊತೆ ನಿಂತವರು ನಮ್ಮ ಕಾರ್ಯದರ್ಶಿ, ಧಾರವಾಡದ ನಿವೃತ್ತ ಡಾಕ್ಟರು. "ನೀ ಹೇಳು ತಂಗಿ, ನಾ ಮಾಡ್ತೀನಿ. ರಿಟಾಯರ್ ಆದ ಮ್ಯಾಲೆ ನನ್ನ ಮಾತು ಕೇಳೋ ಪೇಶೆಂಟೂ ಇಲ್ಲ, ಮಷಿನ್ ಆದ್ರೂ ಕೇಳ್ತಾವೇನೋ ನೋಡೂಣು" ಎಂದರು. ಅದೂ ಒಂದು ದೇವರ ದಯೆಯೇ.

ಲೈಬ್ರರಿಯಲ್ಲಿ ಎರವಲು ಸಿಗುವ ಒಂದು ಪುಟ್ಟ ಅಳತೆಯ ಸಾಧನ ತಂದೆವು. ಗೋಡೆಯ ಸಾಕೆಟ್ಟಿಗೆ ಅದನ್ನು ಚುಚ್ಚಿ, ಅದರ ಮೇಲೆ ಯಂತ್ರದ ಪ್ಲಗ್ ಚುಚ್ಚಿದರೆ, ಆ ಯಂತ್ರ ಎಷ್ಟು ಕರೆಂಟು ಎಳೆಯುತ್ತಿದೆಯೆಂದು ತೋರಿಸುತ್ತದೆ. ಗುರುವಾರ ಎಲ್ಲರೂ ಹೋದ ಮೇಲೆ ಒಂದೊಂದೇ ಯಂತ್ರ ಹಿಡಿದೆವು. ಎಲ್ಲವೂ ಯಾರೋ ಕೊಟ್ಟದ್ದು: ಎರಡು ಕಂಪ್ಯೂಟರು, ಅವುಗಳ ಪರದೆಗಳು, ಲ್ಯಾಮಿನೇಟರು, ಕಾಗದ ಚೂರು ಮಾಡುವ ಯಂತ್ರ, ಭಜನೆಗೆ ಬಳಸುವ ಸ್ಪೀಕರುಗಳು, ಇಂಟರ್ನೆಟ್ ರೂಟರು, ಅದಕ್ಕೆ ಜೋಡಿಸಿದ ಫೋನು.

ಆಫ್ ಮಾಡಿದ ಯಂತ್ರ ಆಫ್ ಆಗಿರುವುದಿಲ್ಲ ಎಂದು ನನಗೆ ಅವತ್ತೇ ತಿಳಿದದ್ದು. ಕಂಪ್ಯೂಟರ್ ಮುಚ್ಚಿದ ಮೇಲೂ ಸ್ವಲ್ಪ ಎಳೆಯುತ್ತದೆ, ಕಪ್ಪಗಾದ ಪರದೆ ಸ್ವಲ್ಪ ಎಳೆಯುತ್ತದೆ. ಸದ್ದೇ ಮಾಡದ ಸ್ಪೀಕರುಗಳು ಎರಡೂ ಕಂಪ್ಯೂಟರುಗಳಿಗಿಂತ ಹೆಚ್ಚು ಎಳೆಯುತ್ತಿದ್ದವು. ಬಟನ್ ಒತ್ತಿದ ಕೂಡಲೇ ಎದ್ದು ನಿಲ್ಲಲು ಎಲ್ಲವೂ ಅರೆಗಣ್ಣು ಬಿಟ್ಟುಕೊಂಡೇ ಮಲಗಿರುತ್ತವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತಾಯಿ ಮಲಗುವ ಹಾಗೆ.

ನಕಲು, ಮುದ್ರಣ ಎರಡನ್ನೂ ಮಾಡುವ ಕಾಪಿಯರ್ ಒಂದನ್ನು ಮಾತ್ರ ಅಳೆಯಲಾಗಲಿಲ್ಲ. ಅಕ್ಸ್‌ಬ್ರಿಡ್ಜಿನಲ್ಲಿ ಮುಚ್ಚಿಹೋದ ಒಂದು ಆಫೀಸಿನಿಂದ ನಮ್ಮ ಯಜಮಾನರು ವ್ಯಾನಿನಲ್ಲಿ ತಂದ ಬೀರುವಿನಷ್ಟು ದೊಡ್ಡ ಯಂತ್ರ ಅದು. ಗೋಡೆಗೆ ಒತ್ತಿ ನಿಂತಿದ್ದರಿಂದ ಅದರ ಪ್ಲಗ್ಗು ಹಿಂದೆ ಸಿಕ್ಕಿಕೊಂಡಿತ್ತು. ಪರದೆಯಲ್ಲಿ ಹುಡುಕಿ ನೋಡಿದರೆ, ಹಳೆಯ ಆಫೀಸಿನವರು ಅದು ಗಂಟೆಗಟ್ಟಲೆ ಎಚ್ಚರವಾಗಿರುವಂತೆ ಹೊಂದಿಸಿದ್ದರು. ಕೆಲಸ ಮುಗಿದ ಒಂದೇ ನಿಮಿಷಕ್ಕೆ ಮಲಗುವಂತೆ ಬದಲಿಸಿದೆವು. ಮನೆಗೆ ಹೊರಡುವಾಗ ಮುಂಭಾಗದ ಬಟನ್ ಒತ್ತಿ ಆಫ್ ಮಾಡುವುದೆಂದೂ ಗೊತ್ತುಮಾಡಿಕೊಂಡೆವು. ಅದರ ದೀಪ ಆರಿತು. ನಂಬಿದೆವು.

ಉಳಿದ ಎಲ್ಲವನ್ನೂ ಒಂದೇ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಬಾಗಿಲ ಪಕ್ಕ ಒಂದೇ ಸ್ವಿಚ್ ಇಟ್ಟೆ. ಹೊರಡುವಾಗ ಅದನ್ನು ಆಫ್ ಮಾಡಿದರೆ ಮುಗಿಯಿತು. ಮೊದಲ ವಾರ ನನಗೆ ಬಹಳ ಸಮಾಧಾನ. ಆದರೆ ಆ ಬೋರ್ಡಿನಲ್ಲಿ ರೂಟರೂ ಇತ್ತು, ಫೋನೂ ಇತ್ತು.

ಮುಂದಿನ ಗುರುವಾರ ರೈಲು ತಡವಾಗಿ, ನಾನು ಕೋಣೆ ತೆರೆಯುವುದೂ ತಡವಾಯಿತು. ಅಷ್ಟರಲ್ಲಿ ರಾಯರು, ತೆರೆದಿದೆಯೇ ಎಂದು ಕೇಳಲು ಆಫೀಸಿಗೆ ಫೋನ್ ಮಾಡಿದ್ದಾರೆ. ಫೋನು ಸತ್ತು ಬಿದ್ದಿದೆ, ತೆರೆಯುವ ದಿನಗಳನ್ನು ಹೇಳಿ ಸಂದೇಶ ಹಿಡಿದಿಡುವ ವ್ಯವಸ್ಥೆಯೂ ಸತ್ತಿದೆ. ಇವತ್ತು ರಜೆ ಇರಬೇಕು ಎಂದುಕೊಂಡು ಅವರು ಕೋಟು ಬಿಚ್ಚಿ ಚಹಾಕ್ಕೆ ನೀರಿಟ್ಟಿದ್ದಾರೆ. ಆದರೆ ಆಗಲೇ ಕೋಟು ಹಾಕಿಸಿಕೊಂಡಿದ್ದ ಹೆಂಡತಿ ಬಾಗಿಲು ತೆಗೆದು ಹೊರಟುಬಿಟ್ಟಿದ್ದಾರೆ. ಅವರು ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ. ಬಸ್ಸಿಗೆ ಕಾಯುತ್ತಿದ್ದ ಯಾರೋ ಒಬ್ಬ ಹುಡುಗಿ ಕೈ ಹಿಡಿದು ಕೂರಿಸಿಕೊಂಡಿದ್ದಳಂತೆ. ಆ ಹುಡುಗಿ ಯಾರೆಂದು ಇವತ್ತಿಗೂ ಗೊತ್ತಿಲ್ಲ. ದಿನಾ ದೀಪ ಹಚ್ಚುವಾಗ ಅವಳನ್ನೂ ನೆನೆಯುತ್ತೇನೆ.

ರಾಯರು ಅವತ್ತು ಬಂದು ನನ್ನನ್ನು ಬೈಯಲಿಲ್ಲ. "ಫೋನ್ ಒಂದ್ ಇಟ್ಕೊಳ್ಳಿ ಕಣಮ್ಮ. ಬೇರೆ ಏನ್ ಬೇಕಾದ್ರೂ ಆರಿಸಿ" ಎಂದಷ್ಟೇ ಹೇಳಿ, ಲೈಬ್ರರಿಗೂ ಹೋಗದೆ ಹೆಂಡತಿಯ ಪಕ್ಕದಲ್ಲೇ ಕೂತರು. ಎಲ್ಲಾ ಒಲೆ ಆರಿಸುವುದು ಉಳಿತಾಯವಲ್ಲ, ಯಾವ ಒಲೆಯ ಮೇಲೆ ಏನಿದೆಯೆಂದು ನೋಡಿ ಆರಿಸಬೇಕು. ಇಷ್ಟು ವರ್ಷ ಅಡುಗೆಮನೆಯಲ್ಲಿ ಮಾಡಿದ್ದನ್ನೇ ಆಫೀಸಿನಲ್ಲಿ ಮರೆತಿದ್ದೆ. ರೂಟರು, ಫೋನು ಎರಡನ್ನೂ ಬೇರೆ ಸಾಕೆಟ್ಟಿಗೆ ಹಾಕಿ, ಅದರ ಸ್ವಿಚ್ಚಿನ ಮೇಲೆ ಒಂದು ಪುಟ್ಟ ಗಣಪತಿಯ ಚಿತ್ರ ಅಂಟಿಸಿದೆ. "ಮುಟ್ಟಬೇಡಿ" ಎಂದು ಬರೆದರೆ ನಮ್ಮವರು ಮುಟ್ಟಿ ನೋಡುತ್ತಾರೆ. ಗಣಪತಿಯಿದ್ದರೆ ಕೈ ಮುಗಿದು ಮುಂದೆ ಹೋಗುತ್ತಾರೆ.

ಫೆಬ್ರವರಿಯ ಕೊನೆಗೆ ವಾರ್ಡನ್ ಮತ್ತೆ ಮೀಟರ್ ಓದಿದರು. ಇಳಿದದ್ದು ಸ್ವಲ್ಪವೇ. ಅರ್ಧಕ್ಕೆ ಇನ್ನೂ ಬಹಳ ದೂರ.

"ನೀವು ಕಷ್ಟಪಡುತ್ತಿರುವುದು ನನಗೆ ಕಾಣುತ್ತಿದೆ. ಆದರೆ ಕಮಿಟಿಗೆ ನಾನು ತೋರಿಸಬಹುದಾದದ್ದು ಮೀಟರನ್ನು ಮಾತ್ರ" ಎಂದರು.

ಅವತ್ತು ನನಗೆ ನಿಜವಾಗಿ ಸುಸ್ತಾಯಿತು. ಮನೆಯ ಅಡುಗೆ, ಬಟ್ಟೆ, ಮಗಳ ಪರೀಕ್ಷೆ, ಯಜಮಾನರ ಪಾಳಿ, ಇದರ ನಡುವೆ ಈ ಪ್ಲಗ್ಗುಗಳು. ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಕೆಂಪು, ಹಸಿರು ಪುಟ್ಟ ದೀಪಗಳೇ ಕಾಣುತ್ತಿದ್ದವು. "ಅಮ್ಮಾ, ಜಸ್ಟ್ ಲೀವ್ ಇಟ್" ಎಂದಳು ಮಗಳು. ಬಿಡಬಹುದಿತ್ತು. ರಾಯರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಮುಂದಿನ ಮಂಗಳವಾರ ಡಾಕ್ಟರು ಬೇರೆ ದಾರಿ ಹೇಳಿದರು. ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಕರೆಂಟು ಹೆಚ್ಚು ಹೋದರೆ ಬೇಗಬೇಗ, ಕಡಿಮೆಯಾದರೆ ನಿಧಾನ. ಅವರು ಹೊರಗೆ ಮೀಟರಿನ ಮುಂದೆ ಸ್ಟೂಲ್ ಹಾಕಿ ಕೂತರು, ನಾನು ಒಳಗೆ ಒಂದೊಂದೇ ಆಫ್ ಮಾಡುತ್ತ ಹೋದೆ.

"ಡಾಕ್ಟ್ರೇ, ಬಾಗಿಲ ಹತ್ರದ್ದು ಆಫ್ ಮಾಡ್ದೆ. ಈಗ?"

"ಕಣ್ಣು ಹೊಡೀಲಿಕತ್ತದ."

"ಗಣಪತೀದೂ ಆಫ್ ಮಾಡ್ದೆ, ಎರಡೇ ನಿಮಿಷಕ್ಕೆ. ಲೈಟೂ ಆರಿಸಿದೀನಿ. ಈಗ?"

"ಇನ್ನೂ ಹೊಡೀತದ ತಂಗಿ. ಯಾರಿಗೆ ಹೊಡೀತದೋ, ಈ ವಯಸ್ಸಿನ್ಯಾಗ ನನಗಂತೂ ಅಲ್ಲ."

ಲೈಟು ಆರಿದ ಕೋಣೆಯಲ್ಲಿ ಉಳಿದದ್ದು ಕಾಪಿಯರ್ ಒಂದೇ. ಮುಂಭಾಗದ ಬಟನ್ ಒತ್ತಿ ಅದನ್ನೂ ಆಫ್ ಮಾಡಿಯಾಗಿತ್ತು. ಒಂದು ದೀಪವೂ ಇಲ್ಲ, ಒಂದು ಸದ್ದೂ ಇಲ್ಲ. ಏನೂ ತೋಚದೆ ಅದರ ಕೆಳಗಿನ ಕಾಗದದ ಡ್ರಾಯರ್ ಎಳೆದು ಕೈಯಿಟ್ಟೆ. ಕೋಣೆಯಲ್ಲಿ ನನ್ನ ಬೆರಳು ಸೆಟೆದುಕೊಳ್ಳುವಷ್ಟು ಚಳಿ. ಡ್ರಾಯರಿನ ಕಾಗದ ಮಾತ್ರ ಬಿಸಿಲಿನಲ್ಲಿ ಒಣಗಿಸಿ ಆಗಷ್ಟೇ ಎತ್ತಿಕೊಂಡ ಬಟ್ಟೆಯಂತೆ ಬೆಚ್ಚಗಿತ್ತು.

"ಡಾಕ್ಟ್ರೇ, ಒಳಗೆ ಬನ್ನಿ. ಇದಕ್ಕೆ ಜ್ವರ ಬಂದಿದೆ."

ಅವರೂ ಕೈಯಿಟ್ಟು ನೋಡಿದರು. ಯಂತ್ರಕ್ಕೆ ಅಂಟಿಸಿದ್ದ ರಿಪೇರಿಯವನ ನಂಬರಿಗೆ ಫೋನ್ ಮಾಡಿದರು. ಅವನು ಹೇಳಿದ್ದು ಇಷ್ಟು: ದೊಡ್ಡ ಕಾಪಿಯರುಗಳಲ್ಲಿ ಕಾಗದಕ್ಕೆ ತೇವ ಹಿಡಿಯದಂತೆ ಕೆಳಗೊಂದು ಪುಟ್ಟ ಹೀಟರ್ ಇರುತ್ತದೆ. ಮುಂದಿನ ಬಟನ್ನಿಗೂ ಅದಕ್ಕೂ ಸಂಬಂಧವಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡುವವರೆಗೆ ಅದು ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ.

ಇಬ್ಬರೂ ಸೇರಿ ಯಂತ್ರವನ್ನು ಮುಂದಕ್ಕೆ ಎಳೆದೆವು. ಹಿಂದಿನ ಗೋಡೆಯ ಸ್ವಿಚ್ಚಿನ ಮೇಲೆ ಗಂಧ, ಅದರ ಮೇಲೆ ಅಗಲವಾದ ಕುಂಕುಮದ ಬೊಟ್ಟು, ಅದರ ಮೇಲೆ ಪಾರದರ್ಶಕ ಟೇಪು. ಯಂತ್ರ ಬಂದ ವರ್ಷ ಆಯುಧಪೂಜೆಯ ದಿನ ಎಲ್ಲಕ್ಕೂ ಬೊಟ್ಟಿಟ್ಟಿದ್ದೆವು. ಚರ್ಚಿನವರ ಬಿಳಿ ಗೋಡೆಗೆ ಕುಂಕುಮ ಉದುರಬಾರದೆಂದು ಟೇಪು ಹಚ್ಚಿದ್ದು ನಾನೇ. ಸ್ವಿಚ್ಚು ಆನ್ ಆಗಿಯೇ ಅದರಡಿ ಕೂತುಬಿಟ್ಟಿತ್ತು.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. "ದೇವರನ್ನ ಬ್ಯಾಂಡೇಜ್ ಹಾಕಿ ಕೂಡಿಸೀಯಲ್ಲ ತಂಗಿ."

ನನಗೆ ನಗು ಬರಲಿಲ್ಲ. ಟೇಪು ಕೀಳಲು ಕೈಯೂ ಏಳಲಿಲ್ಲ. ಹೊರಡಲು ಕೋಟು ಹಾಕಿಕೊಂಡು ಬಾಗಿಲಲ್ಲಿ ಇಣುಕುತ್ತಿದ್ದ ಹಿರಿಯ ಹೆಂಗಸರು ಆಗಲೇ, "ಪೂಜೆ ಮಾಡಿ ಶುರು ಮಾಡಿದ ಯಂತ್ರ ಕಣ್ರೀ, ದಿನಾ ಆರಿಸ್ತಾ ಕೂತ್ರೆ ಚೆನ್ನಾಗಿರುತ್ತಾ?" ಎನ್ನತೊಡಗಿದ್ದರು. ಅವರ ಮಾತು ನನ್ನ ಮನಸ್ಸಿನದ್ದೂ ಆಗಿತ್ತು. ಅವತ್ತು ಹಾಗೇ ಬಿಟ್ಟು ಬಂದೆ.

ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತಾಗ ಚಿಕ್ಕಂದಿನ ಒಂದು ನೆನಪು ಬಂತು. ನಮ್ಮ ಬೀದಿಯ ದೇವಸ್ಥಾನದಲ್ಲಿ ಕೊನೆಯ ಮಂಗಳಾರತಿಯಾದ ಮೇಲೆ ಅರ್ಚಕರು ಏಕಾಂತ ಸೇವೆ ಮಾಡಿ, ತೆರೆ ಎಳೆದು, ಬಾಗಿಲು ಹಾಕುತ್ತಿದ್ದರು. ದೇವರು ಮಲಗುವ ಹೊತ್ತು, ಸದ್ದು ಮಾಡಬೇಡ ಎನ್ನುತ್ತಿದ್ದರು ಅಮ್ಮ. ಮಲಗಿಸುವುದೂ ಸೇವೆಯ ಒಂದು ಭಾಗವೇ. ಜಗತ್ತನ್ನು ನಡೆಸುವವನಿಗೇ ವಿಶ್ರಾಂತಿ ಇರುವಾಗ ಈ ಬಡಪಾಯಿ ಯಂತ್ರವನ್ನು ನಾನೇಕೆ ಎಬ್ಬಿಸಿ ಕೂರಿಸಬೇಕು? ಅಷ್ಟು ಯೋಚಿಸಿದ ಮೇಲೆ ಮನಸ್ಸು ನಿಂತಿತು.

ಗುರುವಾರ ಹೋಗಿ, ನಮಸ್ಕಾರ ಮಾಡಿ, ಟೇಪು ತೆಗೆದು, ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಯಂತ್ರದ ಮುಂಭಾಗಕ್ಕೆ ಹೊಸ ಬೊಟ್ಟಿಟ್ಟೆ. ಕೈ ಹೋಗುವಷ್ಟು ಜಾಗ ಬಿಟ್ಟು ಅದನ್ನು ಗೋಡೆಯಿಂದ ದೂರ ನಿಲ್ಲಿಸಿದೆವು. ಮಧ್ಯಾಹ್ನ ಹೊರಡುವ ಮೊದಲು ಎಲ್ಲರೂ ನಿಂತು ಮಂಗಳ ಹಾಡಿದ ಮೇಲೆ, "ಈಗ ಇದಕ್ಕೆ ಏಕಾಂತ" ಎಂದು ಹೇಳಿ ಗೋಡೆಯ ಸ್ವಿಚ್ ಆಫ್ ಮಾಡಿದೆ. ಗೊಣಗುತ್ತಿದ್ದವರು ಕೈ ಮುಗಿದರು. ಹೊರಗಿನ ಮೀಟರ್ ನೋಡಿದರೆ ಕೆಂಪು ದೀಪ ಮಿನುಗುವುದೋ ಬೇಡವೋ ಎನ್ನುವಂತೆ, ಬಹಳ ಹೊತ್ತಿಗೊಮ್ಮೆ ಮಿನುಗುತ್ತಿತ್ತು. ಅದು ಗಣಪತಿಯ ಪಾಲು.

ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಕಟ್ಟಡ, ತೇವದ ಗೋಡೆ. ಮುಂದಿನ ಮಂಗಳವಾರ ಕಾಪಿಯರ್ ಆನ್ ಮಾಡಿ ಮೊದಲ ಹಾಳೆ ತೆಗೆದರೆ ಅದು ಕರಿದ ಹಪ್ಪಳದಂತೆ ಸುರುಳಿ ಸುತ್ತಿತ್ತು. ಎರಡನೆಯದು ಒಳಗೇ ಸಿಕ್ಕಿಕೊಂಡಿತು. ಆಸ್ಪತ್ರೆಗೆ ಕೊಡಬೇಕಾದ ಅರ್ಜಿ ಹಿಡಿದು ಜನ ಕಾಯುತ್ತಿದ್ದಾರೆ, ನಾನೂ ಡಾಕ್ಟರೂ ಯಂತ್ರದ ಹೊಟ್ಟೆ ತೆಗೆದು ಹರಿದ ಕಾಗದ ಕೀಳುತ್ತಿದ್ದೇವೆ. "ನಾ ಸರ್ಜನ್ ಅಲ್ಲ ಅಂತ ಇದಕ್ಕ ಗೊತ್ತಾಗ್ಯದ" ಎಂದರು ಅವರು, ಬೆವರು ಒರೆಸಿಕೊಳ್ಳುತ್ತ.

ಹಪ್ಪಳ ನೆನಪಾದದ್ದೇ ಒಳ್ಳೆಯದಾಯಿತು. ಮನೆಯಲ್ಲಿ ಹಪ್ಪಳಕ್ಕೆ ತೇವ ಹಿಡಿಯದಂತೆ ಬಿಗಿ ಮುಚ್ಚಳದ ದೊಡ್ಡ ಡಬ್ಬದಲ್ಲಿ ಇಡುತ್ತೇನಲ್ಲ, ಕಾಗದವನ್ನೂ ಹಾಗೇ ಇಟ್ಟರಾಯಿತು. ಆ ಡಬ್ಬವನ್ನೇ ತಂದು, ತೇವ ಹೀರಲೆಂದು ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಅಕ್ಕಿಯನ್ನು ಬಟ್ಟೆಯ ಗಂಟು ಕಟ್ಟಿ ತಳದಲ್ಲಿಟ್ಟೆ. ಹೊರಡುವಾಗ ಡ್ರಾಯರಿನ ಕಾಗದವನ್ನು ಡಬ್ಬಕ್ಕೆ, ಬಂದ ಮೇಲೆ ಡಬ್ಬದಿಂದ ಡ್ರಾಯರಿಗೆ. ಹಾಳೆ ನೆಟ್ಟಗೆ ಬರತೊಡಗಿತು. ಆದರೆ ಡಬ್ಬ ಎಷ್ಟು ತೊಳೆದರೂ ಇಂಗಿನ ವಾಸನೆ ಬಿಡಲಿಲ್ಲ. ಆ ವಾರ ವಾರ್ಡನ್ ಪ್ರಾರ್ಥನೆಯ ಹಾಡಿನ ಹಾಳೆಗಳನ್ನು ನಮ್ಮಲ್ಲೇ ಮುದ್ರಿಸಿಕೊಂಡು ಹೋಗಿದ್ದರು. "ನಿಮ್ಮ ಕಾಗದ ಹಿಡಿದು ಹಾಡುವಾಗ ಎಲ್ಲರಿಗೂ ಹಸಿವಾಯಿತು" ಎಂದು ಬಂದು ಹೇಳಿದರು. ಡಬ್ಬ ಬದಲಿಸಿದೆ.

ಆಮೇಲೆ ಕೆಲಸ ಒಂದು ಹದಕ್ಕೆ ಬಂತು. ಮಂಗಳ ಹಾಡುವುದು, ಕಾಗದ ಡಬ್ಬಕ್ಕೆ, ಬಾಗಿಲ ಪಕ್ಕದ ಸ್ವಿಚ್ಚು, ಕೊನೆಗೆ ಕಾಪಿಯರ್ ಹಿಂದಿನ ಸ್ವಿಚ್ಚು. ರಾಯರ ಹೆಂಡತಿ ಎದ್ದು ನನ್ನ ಹಿಂದೆಯೇ ಬರುತ್ತಿದ್ದರು. ನನ್ನ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಒಂದು ದಿನ ನಾನು ಕೈಹಾಕುವ ಮೊದಲೇ ಅವರು ಬಗ್ಗಿ ಹಿಂದಿನ ಸ್ವಿಚ್ಚನ್ನು ಟಕ್ಕೆಂದು ಆಫ್ ಮಾಡಿ, ಬೆರಳಿನಿಂದ ಮತ್ತೊಮ್ಮೆ ಮುಟ್ಟಿ ನೋಡಿದರು. ಮಲಗುವ ಮುಂಚೆ ಗ್ಯಾಸಿನ ಕಿವಿ ತಿರುಗಿಸಿ, ಮತ್ತೆ ಮುಟ್ಟಿ ನೋಡುತ್ತೇವಲ್ಲ, ಅದೇ ಕೈ. ಅಂದಿನಿಂದ ಆ ಸ್ವಿಚ್ಚನ್ನು ಅವರಿಗೇ ಬಿಟ್ಟೆ, ಆದರೂ ಪ್ರತಿ ಸಲ ಪಕ್ಕದಲ್ಲಿ ನಾನು ನಿಂತಿರುತ್ತಿದ್ದೆ.

ಈಸ್ಟರ್ ರಜೆ ಬಂತು. ಆ ಗುರುವಾರ ಮಧ್ಯಾಹ್ನ ಕೋಣೆ ಮುಚ್ಚಿದರೆ ವಾರ್ಡನ್ ಮೀಟರ್ ಓದಿಕೊಂಡು, ಹಾಲ್‌ನ ಹೊರ ಬಾಗಿಲಿಗೆ ಬೀಗ ಹಾಕಿ, ಮತ್ತೆ ಮಂಗಳವಾರ ಬೆಳಿಗ್ಗೆ ಓದುವುದು. ಕಮಿಟಿಗೆ ಹೋಗುವ ಲೆಕ್ಕ ಅದೇ. ಅಂಥ ಗುರುವಾರವೇ ನನಗೆ ಜ್ವರ ಬಂದು ಮಲಗಿಬಿಟ್ಟೆ. ಡಾಕ್ಟರು ಕೋಣೆ ತೆರೆದರು. ಮುಚ್ಚುವ ಹೊತ್ತಿಗೆ ಯಾರಿಗೋ ತಲೆ ಸುತ್ತಿ ಬಂದು, ಅವರನ್ನು ಕಾರಿನಲ್ಲಿ ಕರೆದುಕೊಂಡು ಹೊರಟರು. ಉಳಿದವರೂ ಗಾಬರಿಯಲ್ಲಿ ಹಿಂದೆಯೇ ಎದ್ದರು. ಮಂಗಳವನ್ನೂ ಹಾಡಲಿಲ್ಲ.

ಸಂಜೆ ಡಾಕ್ಟರ ಫೋನು ಬಂತು. "ಅವರು ಆರಾಮ ಆಗ್ಯಾರ ತಂಗಿ. ಆದ್ರ ನಾ ಬಾಗಿಲ ಹತ್ತಿರದ್ದು ಆಫ್ ಮಾಡೀನಿ, ಕಾಪಿಯರಿಂದು ಮರತೆ. ನೆನಪಾಗಿ ತಿರುಗಿ ಹೋದ್ರ ಹೊರಗ ಕೀಲಿ ಬಿದ್ದಿತ್ತು."

ವಾರ್ಡನ್‌ಗೆ ಫೋನ್ ಮಾಡಿದೆ. ಹಬ್ಬದ ಪ್ರಾರ್ಥನೆಯ ಗಡಿಬಿಡಿ, ಎತ್ತಲಿಲ್ಲ. ಹಬ್ಬದ ನಡುವೆ ಅವರನ್ನು ಮತ್ತೆ ಕಾಡಲು ಮನಸ್ಸು ಬರಲಿಲ್ಲ. ರಜೆಯಷ್ಟೂ ದಿನ ಆ ಹೀಟರ್ ಡ್ರಾಯರನ್ನು ಸುಮ್ಮನೆ ಕಾಯಿಸುತ್ತಿರುವುದು ನನ್ನ ಜ್ವರದ ಕಣ್ಣಿಗೆ ಕಾಣುತ್ತಿತ್ತು. ದೇವರೇ, ನನಗೆ ಏನೂ ಬೇಡ, ರಾಯರ ಎರಡು ಗಂಟೆ ಉಳಿಸು ಎಂದು ಕೇಳಿಕೊಂಡೆ. ಅದಕ್ಕಿಂತ ಹೆಚ್ಚು ಕೇಳಲು ಶಕ್ತಿಯೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ವಾರ್ಡನ್ ಟಾರ್ಚ್ ಹಿಡಿದು ಅಲ್ಲೇ ನಿಂತಿದ್ದರು.

"ಅರ್ಧಕ್ಕಿಂತ ಎಷ್ಟೋ ಕೆಳಗಿದೆ. ಮೀಟರ್ ಕೆಟ್ಟಿರಬೇಕೆಂದು ಎರಡು ಸಲ ನೋಡಿದೆ" ಎಂದರು. "ಕೋಣೆ ನಿಮ್ಮದೇ, ಡಿಯರ್. ಮೊದಲು ಕೂತುಕೋ, ನಿನ್ನ ಮುಖ ಬಿಳಿಚಿದೆ."

ಒಳಗೆ ಹೋಗಿ ಕಾಪಿಯರಿನ ಹಿಂದೆ ನೋಡಿದೆ. ಸ್ವಿಚ್ಚು ಆಫ್ ಆಗಿತ್ತು. ಡ್ರಾಯರ್ ಎಳೆದೆ, ಒಳಗಿದ್ದ ಕಾಗದ ತಣ್ಣಗೆ, ತೇವ ಹಿಡಿದು ಸುರುಳಿಯಾಗಿತ್ತು. ಕಾಗದವನ್ನು ಯಾರೂ ಡಬ್ಬಕ್ಕೆ ಹಾಕಿರಲಿಲ್ಲ. ಸ್ವಿಚ್ಚನ್ನು ಮಾತ್ರ ಯಾರೋ ಆರಿಸಿದ್ದರು.

ಸ್ವಲ್ಪ ಹೊತ್ತಿಗೆ ರಾಯರು ಹೆಂಡತಿಯನ್ನು ಕರೆದುಕೊಂಡು ಬಂದರು. ಗುರುವಾರ ಕೊನೆಗೆ ಹೊರಟವರು ಯಾರು ಎಂದು ಕೇಳಿದೆ.

"ನಾವೇ ಕಣಮ್ಮ. ಎಲ್ಲಾ ಓಡ್ತಿದ್ರು, ಇವಳಿಗೆ ಕೋಟು ಹಾಕ್ಸಿ ಬಾಗಿಲ ತನಕ ಕರ್ಕೊಂಡ್ ಬಂದೆ. ಕೈ ಕಿತ್ಕೊಂಡು ವಾಪಸ್ ಒಳಗ್ ಹೋದ್ಲು. ಏನೋ ಬಿಟ್ಟಿದಾಳೆ ಅಂದ್ಕೊಂಡೆ. ಆ ಯಂತ್ರದ ಹಿಂದೆ ಬಗ್ಗಿ ಎದ್ದು ಬಂದ್ಲು. ಯಾಕೆ, ಏನಾದ್ರೂ ಕೆಡಿಸಿದ್ಲಾ?"

"ಇಲ್ಲ ರಾಯರೇ" ಎಂದೆ. ಆಕೆಯ ಕೋಟು ಬಿಚ್ಚಿಸಿ, ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ರಾಯರು ಔಷಧಿಯ ಚೀಲ ಹಿಡಿದು ಮೆಟ್ಟಿಲಿಳಿದು ಹೋದರು.

ಮಧ್ಯಾಹ್ನ ಮಂಗಳ ಹಾಡಿಯಾದ ಮೇಲೆ ಆಕೆ ಎಂದಿನಂತೆ ಎದ್ದು ಬಂದರು. ಅವತ್ತು ನಾನು ಪಕ್ಕದಲ್ಲಿ ನಿಲ್ಲಲಿಲ್ಲ, ದೂರದ ಕುರ್ಚಿಯಲ್ಲೇ ಕೂತಿದ್ದೆ. ಬಗ್ಗಿ, ಸ್ವಿಚ್ ಆರಿಸಿ, ಮತ್ತೊಮ್ಮೆ ಮುಟ್ಟಿ ನೋಡಿ, ಯಂತ್ರದ ಮುಚ್ಚಳವನ್ನು ಮಗುವಿಗೆ ತಟ್ಟುವ ಹಾಗೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಯಾರಿವಳು ಎಂದು ಸ್ವಲ್ಪ ಹೊತ್ತು ನೋಡಿದರು.

"ಅದು ಮಲ್ಕೊಂಡ್ತು" ಎಂದರು. "ನೀನೂ ಹೋಗಿ ಮಲ್ಕೊಳ್ಳೆ ತಾಯಿ."